ಸಣ್ಣ ಟ್ರೇಲರ್ ಮೇಲೆ ಅಗಲವಾದ ಮಲಗುವ ಗೂಡು

ಬೇಸಾಯಶಾಸ್ತ್ರ ಉಪನ್ಯಾಸಕರು, ವಿ.ಸಿ. ಫಾರಂ, ಮಂಡ್ಯ

ಬೇಸಾಯದ ಕೆಲಸ ಹಗಲಿಗೆ ಮಾತ್ರ ಸೀಮಿತವಾದುದಲ್ಲ. ವಿಶ್ವೇಶ್ವರಯ್ಯ ನಾಲೆಯ ಕಡೆಯಂಚಿನಲ್ಲಿರುವ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಜಮೀನುಗಳಿಗೆ ಕಟ್ಟು ನೀರಿನ ಸರದಿ ಬಂದಾಗ, ನೀರು ತೂಬಿಗೆ ತಲುಪುವುದು ಎಷ್ಟೋ ಸಲ ನಡುರಾತ್ರಿಯ ನಂತರವೇ. ಕೊಳವೆ ಬಾವಿ ಇರುವವರು ಮೂರು ಫೇಸ್ ವಿದ್ಯುತ್ತಿಗಾಗಿ ಪಂಪ್ ಮನೆಯ ಪಕ್ಕದಲ್ಲಿ ಕಾದು ಕೂರುತ್ತಾರೆ. ಒಕ್ಕಣೆ ಕಣದಲ್ಲಿ ಭತ್ತ, ರಾಗಿಯ ರಾಶಿ ಇದ್ದಾಗ ಅದನ್ನು ಬಿಟ್ಟು ಮನೆಗೆ ಹೋಗಿ ಮಲಗುವಂತಿಲ್ಲ. ಬಂಡೂರು ಕುರಿಯ ಮಂದೆಯನ್ನು ಗೊಬ್ಬರಕ್ಕಾಗಿ ಹೊಲದಲ್ಲಿ ನಿಲ್ಲಿಸಿದವರು ಕಳ್ಳರಿಗೂ ಚಿರತೆಗೂ ಹೆದರಿ ಮಂದೆಯ ಬದಿಯಲ್ಲಿಯೇ ರಾತ್ರಿ ಕಳೆಯುತ್ತಾರೆ. ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ ಬರುವ ಕೂಲಿಗಾರರ ಕುಟುಂಬಗಳಂತೂ ತಿಂಗಳುಗಟ್ಟಲೆ ಗದ್ದೆಯ ಅಂಚಿನಲ್ಲಿಯೇ ಇರುತ್ತವೆ.

ಇಂಥವರಲ್ಲಿ ಹೆಚ್ಚಿನವರು ಮಲಗುವುದು ನೆಲದ ಮೇಲೆ. ಹುಲ್ಲು ಹಾಸಿ, ಗೋಣಿಚೀಲ ಹರಡಿ, ಮೇಲೊಂದು ಕಂಬಳಿ ಹೊದ್ದರೆ ಮುಗಿಯಿತು. ಇದರ ಅಪಾಯ ಸಣ್ಣದಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆ. ಇವರಲ್ಲಿ ಬಹುಪಾಲು ಜನ ಹಳ್ಳಿಗಳವರು. ಕಟ್ಟು ಹಾವು ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ನೋವಾಗಲಿ ಊತವಾಗಲಿ ಹೆಚ್ಚಾಗಿ ಇರುವುದಿಲ್ಲವಾದ್ದರಿಂದ, ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋಲುವವರೆಗೆ ವಿಷಯ ತಿಳಿಯುವುದೇ ಇಲ್ಲ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ನೆಲದಿಂದ ಎರಡೂವರೆ ಅಡಿ ಮೇಲೆ, ಸುತ್ತ ಗೋಡೆ ಇರುವ ಜಾಗದಲ್ಲಿ, ಸೊಳ್ಳೆ ಪರದೆಯೊಳಗೆ ಮಲಗುವುದು ಈ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸುವ ಸುಲಭ ಉಪಾಯ. ಬೇಸಾಯಶಾಸ್ತ್ರದವರು ಗಾಡಿಯ ವಿಷಯ ಬರೆಯಬೇಕಾಗಿ ಬಂದಿರುವುದು ಈ ಕಾರಣದಿಂದಲೇ.

ಅಟ್ಟಣೆ ಕಟ್ಟಿದರೆ ಅದು ಒಂದೇ ಹೊಲಕ್ಕೆ ಸೀಮಿತ. ಗಾಲಿಯ ಮೇಲಿನ ಗೂಡಾದರೆ ಇಂದು ಗದ್ದೆಗೆ, ನಾಳೆ ಕಣಕ್ಕೆ, ನಾಡಿದ್ದು ಆಲೆಮನೆಗೆ ಎಳೆದೊಯ್ಯಬಹುದು. ಮನೆಯಲ್ಲಿರುವ ಸಣ್ಣ ಎರಡು ಗಾಲಿಯ ಟ್ರೇಲರ್ ಮೇಲೆ ಇಬ್ಬರು ಆರಾಮವಾಗಿ ಮಲಗುವಷ್ಟು ಅಗಲವಾದ ಗೂಡನ್ನು ಊರಿನ ಬಡಗಿ ಮತ್ತು ವೆಲ್ಡಿಂಗ್ ಕೆಲಸದವರಿಂದಲೇ ಕಟ್ಟಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಹೊಸತೇನಲ್ಲ

ಗಾಡಿಯಲ್ಲಿ ಮಲಗುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿದ್ಯೆಯೇ. ಮುಡುಕುತೊರೆ, ಹೇಮಗಿರಿ, ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೊರಟವರು ಬಿದಿರು ಬಗ್ಗಿಸಿ, ಮೇಲೆ ಚಾಪೆ ಹೊದಿಸಿದ ಕಮಾನು ಗಾಡಿ ಕಟ್ಟಿಕೊಂಡು ಹೋಗಿ, ಜಾತ್ರೆ ಮುಗಿಯುವವರೆಗೆ ಅದರಲ್ಲಿಯೇ ಮಲಗಿ, ಅದರ ನೆರಳಿನಲ್ಲಿಯೇ ಅಡುಗೆ ಮಾಡಿ ಉಣ್ಣುತ್ತಿದ್ದರು. ಇಂಗ್ಲೆಂಡಿನ ಕುರುಬರು 19ನೇ ಶತಮಾನದಲ್ಲಿ ಕುರಿಗಳು ಮರಿ ಹಾಕುವ ಕಾಲದಲ್ಲಿ ಗಾಲಿಯ ಮೇಲಿನ ಸಣ್ಣ ಗುಡಿಸಲನ್ನು ಹುಲ್ಲುಗಾವಲಿಗೆ ಎಳೆದೊಯ್ದು ಅಲ್ಲಿಯೇ ತಂಗುತ್ತಿದ್ದರು.

ಅಮೆರಿಕದಲ್ಲಿ 1930ರ ದಶಕದಿಂದ ಕಾರಿನ ಹಿಂದೆ ಎಳೆಯುವ ಸಣ್ಣ ಮಲಗುವ ಗಾಡಿಗಳು ಬಳಕೆಗೆ ಬಂದವು. ಮುಂಭಾಗ ದುಂಡಗೆ, ಹಿಂಭಾಗ ಇಳಿಜಾರಾಗಿ, ಪಕ್ಕದಿಂದ ನೋಡಿದರೆ ಕಣ್ಣೀರ ಹನಿಯಂತೆ ಕಾಣುವುದರಿಂದ ಅವುಗಳಿಗೆ ಹನಿಯ ಹೆಸರೇ ಬಂದಿತು. ಎರಡನೆಯ ಮಹಾಯುದ್ಧದ ನಂತರ ಮಿಕ್ಕುಳಿದ ಜೀಪಿನ ಗಾಲಿ, ವಿಮಾನದ ಅಲ್ಯೂಮಿನಿಯಂ ತಗಡುಗಳಿಂದ ಅಲ್ಲಿಯ ಜನ ಇಂಥ ಗಾಡಿಗಳನ್ನು ಮನೆಯಲ್ಲಿಯೇ ಕಟ್ಟಿಕೊಂಡರು. ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲ ಇರುವುದರಿಂದ ಗಾಡಿಯೂ ಸಾಮಾನ್ಯವಾಗಿ ಅದೇ ಅಳತೆಗೆ ನಿಂತಿತು.

ನಮ್ಮ ಗೂಡಿಗೂ ಈ ಆಕಾರ ಒಳ್ಳೆಯದೇ. ಆದರೆ ಕಾರಣ ಬೇರೆ. ಪವರ್ ಟಿಲ್ಲರ್ ಅಥವಾ ಎತ್ತು ಎಳೆಯುವ ವೇಗಕ್ಕೆ ಗಾಳಿಯ ತಡೆ ಲೆಕ್ಕಕ್ಕೆ ಬರುವುದಿಲ್ಲ. ಬಾಗಿದ ಮಾಡಿನಲ್ಲಿ ಮಳೆ ನೀರು ನಿಲ್ಲುವುದಿಲ್ಲ. ಎದ್ದು ಕೂರಲು ತಲೆಯ ಕಡೆ ಮಾತ್ರ ಎತ್ತರ ಬೇಕು, ಕಾಲಿನ ಕಡೆ ಬೇಡ. ಹೀಗೆ ಹಿಂಬದಿ ತಗ್ಗಿಸಿದಷ್ಟೂ ಹಲಗೆಯೂ ಉಳಿಯುತ್ತದೆ, ಮೇಲಿನ ಭಾರವೂ ಕಡಿಮೆಯಾಗುತ್ತದೆ.

ಅಗಲ ಏಕೆ ಬೇಕು?

4 ಅಡಿ ಅಗಲದ ಗೂಡಿನಲ್ಲಿ ಎರಡು ಪಕ್ಕದ ಗೋಡೆ ಮತ್ತು ಚೌಕಟ್ಟಿಗೆ ಮೂರೂವರೆ ಇಂಚು ಹೋದರೆ ಒಳಗೆ ಉಳಿಯುವುದು 44½ ಇಂಚು. ಇಬ್ಬರು ಮಲಗಿದರೆ ಒಬ್ಬೊಬ್ಬರಿಗೆ 22 ಇಂಚು. ಗಟ್ಟಿ ಮೈಕಟ್ಟಿನವರ ಭುಜದ ಅಗಲವೇ 18 ಇಂಚು ಇರುತ್ತದೆ. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರಿಗೆ ಎಚ್ಚರವಾಗುತ್ತದೆ. ಮೈ ಗೋಡೆಗೆ ತಗುಲಿ, ಗೋಡೆಯ ಮೇಲೆ ಕಟ್ಟಿದ ತೇವ ಹೊದಿಕೆಗೆ ಇಳಿಯುತ್ತದೆ. ಅಗಲವನ್ನು 5 ಅಡಿಗೆ ಹೆಚ್ಚಿಸಿದರೆ ಒಬ್ಬೊಬ್ಬರಿಗೆ 28 ಇಂಚು ದೊರೆಯುತ್ತದೆ. ಸೊಳ್ಳೆ ಪರದೆಯನ್ನು ಹಾಸಿಗೆಯಡಿಗೆ ಸಿಕ್ಕಿಸಲೂ ಜಾಗ ಸಿಗುತ್ತದೆ.

ಆದರೆ ಟ್ರೇಲರಿನ ತಳ 4 ಅಡಿ ಇದ್ದು, ಅದರ ಎರಡು ಬದಿಗೂ ಗಾಲಿಗಳಿದ್ದರೆ ಆ ಹೆಚ್ಚಿನ ಒಂದು ಅಡಿಯನ್ನು ಎಲ್ಲಿಂದ ತರುವುದು? ಅಚ್ಚನ್ನು ಕತ್ತರಿಸಿ ಉದ್ದ ಮಾಡಿಸುವುದು ತಪ್ಪು. ಬೆಸೆದ ಅಚ್ಚು ಹೊರೆ ಬಿದ್ದಾಗ ಬೆಸುಗೆಯ ಬಳಿಯೇ ಮುರಿಯುವ ಸಂಭವ ಹೆಚ್ಚು. ಇಡೀ ತಳವನ್ನೇ ಗಾಲಿಗಿಂತ ಮೇಲಕ್ಕೆ ಎತ್ತಿ ಕಟ್ಟಿದರೆ ಹೊರೆಯೆಲ್ಲ ಎತ್ತರಕ್ಕೆ ಹೋಗಿ ಗಾಡಿ ಮಗುಚುವ ಭಯವಿದೆ. ಸರಿಯಾದ ದಾರಿ ಹುಲ್ಲಿನ ಹೊರೆ ಹೇರುವವರಿಗೆ ಗೊತ್ತಿರುವುದೇ ಆಗಿದೆ. ಕೆಳಗೆ ಗಾಲಿಗಳ ನಡುವೆ ಕಿರಿದಾಗಿ ಹೇರಿ, ಗಾಲಿಯ ಮಟ್ಟ ದಾಟಿದ ಮೇಲೆ ಹೊರಕ್ಕೆ ಹರಡುತ್ತಾರೆ. ಗೂಡನ್ನೂ ಹಾಗೆಯೇ ಕಟ್ಟಬೇಕು. ಚುಟುಕಾಗಿ ಹೇಳುವುದಾದರೆ, ಅಗಲವನ್ನು ಗಾಲಿಯ ಮೇಲೆ ಪಡೆಯಬೇಕು, ಭಾರವನ್ನು ಗಾಲಿಗಳ ನಡುವೆ ಇಡಬೇಕು. ಮುಂದಿನ ಅಳತೆಗಳೆಲ್ಲ ಈ ಒಂದು ಸೂತ್ರದಿಂದ ಬಂದವು.

ಟ್ರೇಲರಿನ ಆಯ್ಕೆ

ಗಾಲಿಗಳು ಪಕ್ಕದಲ್ಲಿದ್ದು, ತಳ ತಗ್ಗಿನಲ್ಲಿರುವ ಟ್ರೇಲರ್ ಈ ಕೆಲಸಕ್ಕೆ ಉತ್ತಮ. ತಳವೇ ಗಾಲಿಯ ಮೇಲಿರುವಂಥ ಎತ್ತರದ ಟ್ರೇಲರ್ ಆದರೆ ಅಗಲಕ್ಕೆ ತೊಂದರೆಯಿಲ್ಲವಾದರೂ ಗೂಡಿನ ಎತ್ತರವನ್ನು ಆದಷ್ಟು ಕಡಿಮೆ ಇಡಬೇಕಾಗುತ್ತದೆ. ಕೆಲಸ ಆರಂಭಿಸುವ ಮೊದಲು ಅಚ್ಚು ಬಾಗಿದೆಯೇ, ಬೇರಿಂಗ್ ಸಡಿಲವಾಗಿದೆಯೇ, ಚೌಕಟ್ಟಿನ ಬೆಸುಗೆಗಳಲ್ಲಿ ಬಿರುಕು ಇದೆಯೇ, ಟೈರಿನ ಪಕ್ಕಗಳು ಒಡೆದಿವೆಯೇ ಎಂದು ಪರೀಕ್ಷಿಸಬೇಕು. ಗೊಬ್ಬರ ಸಾಗಿಸಿದ ಟ್ರೇಲರಿನ ತಳದ ತಗಡು ಮೇಲೆ ಚೆನ್ನಾಗಿ ಕಂಡರೂ ಕೆಳಗಿನಿಂದ ತುಕ್ಕು ತಿಂದಿರುತ್ತದೆ. ಸುತ್ತಿಗೆಯಿಂದ ತಟ್ಟಿ ನೋಡಿದರೆ ತಿಳಿಯುತ್ತದೆ.

ಅಳತೆಗಳು

ಉದಾಹರಣೆಗಾಗಿ ಈ ಕೆಳಗಿನ ಟ್ರೇಲರನ್ನು ತೆಗೆದುಕೊಳ್ಳೋಣ. ನಿಮ್ಮ ಟ್ರೇಲರಿನ ಅಳತೆ ಬೇರೆಯಾಗಿದ್ದರೆ ಅದಕ್ಕೆ ತಕ್ಕಂತೆ ಲೆಕ್ಕ ಹಾಕಿಕೊಳ್ಳಬೇಕು.

ತಳದ ಅಗಲ 4 ಅಡಿ, ಉದ್ದ 7 ಅಡಿ. ತಳ ನೆಲದಿಂದ 1 ಅಡಿ 6 ಇಂಚು ಎತ್ತರ. ಟೈರು 6.00-16 ಅಳತೆಯದು. ಇದರ ಎತ್ತರ ಸುಮಾರು 2 ಅಡಿ 4 ಇಂಚು, ದಪ್ಪ ಸುಮಾರು 7 ಇಂಚು. ತಳಕ್ಕೂ ಟೈರಿಗೂ ನಡುವೆ 2 ಇಂಚು ಸಂದು. ಆಗ ಎರಡು ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ 5 ಅಡಿ 6 ಇಂಚು ಆಗುತ್ತದೆ.

ಇಲ್ಲಿ ಟೈರು ತಳಕ್ಕಿಂತ 10 ಇಂಚು ಮೇಲೆ ಬಂದಿದೆ. ಅದರ ಮೇಲೆ 4 ಇಂಚು ಜಾಗ ಬಿಡಬೇಕು. ಗದ್ದೆಯ ಎರೆ ಕೆಸರು ಟೈರಿಗೆ ಮೆತ್ತಿಕೊಂಡಾಗ ಅಷ್ಟು ಜಾಗವಿಲ್ಲದಿದ್ದರೆ ಗಾಲಿ ಸಿಕ್ಕಿಕೊಳ್ಳುತ್ತದೆ. ಆದುದರಿಂದ ತಳದಿಂದ 14 ಇಂಚು ಎತ್ತರದಲ್ಲಿ, ಅಂದರೆ ನೆಲದಿಂದ 2 ಅಡಿ 8 ಇಂಚು ಎತ್ತರದಲ್ಲಿ ಮಲಗುವ ಹಲಗೆಯನ್ನು ಕೂರಿಸಬೇಕು. ಈ ಹಲಗೆ 5 ಅಡಿ ಅಗಲವಿದ್ದು, ತಳಕ್ಕಿಂತ ಎರಡು ಬದಿಗೂ 6 ಇಂಚು ಹೊರಚಾಚಿ ಟೈರಿನ ಮೇಲೆ ಬರುತ್ತದೆ. ಇದನ್ನು ಗೂಡಿನ ಹೆಗಲು ಎಂದು ಕರೆಯೋಣ. ಹೆಗಲಿನಾಚೆಗೆ ಇನ್ನೂ 3 ಇಂಚು ಟೈರು ಹೊರಗಿರುತ್ತದೆ. ಹೀಗಿರುವುದು ಒಳ್ಳೆಯದು. ಕಿರಿದಾದ ಓಣಿಯಲ್ಲಿ ಬೇಲಿ ಕಲ್ಲಿಗೆ ಮೊದಲು ತಗಲುವುದು ಟೈರು, ಗೋಡೆಯಲ್ಲ. ಗೂಡಿನ ಅಗಲ ಯಾವ ಕಾರಣಕ್ಕೂ ಟೈರುಗಳ ಹೊರ ಅಂಚನ್ನು ಮೀರಬಾರದು.

ಹಲಗೆಯ ಮೇಲೆ 2 ಇಂಚಿನ ಹಾಸಿಗೆ, ಅದರ ಮೇಲೆ ಕುಳಿತವರ ತಲೆಗೆ 3 ಅಡಿ ಬಿಟ್ಟರೆ ಸಾಕು. ಆಗ ಮಾಡಿನ ಅತಿ ಎತ್ತರದ ಭಾಗ ನೆಲದಿಂದ 5 ಅಡಿ 10 ಇಂಚು ಆಗುತ್ತದೆ. ಇದಕ್ಕಿಂತ ಎತ್ತರ ಬೇಡ. ಒಳಗೆ ನಿಂತು ಓಡಾಡುವ ಆಸೆ ಇಟ್ಟುಕೊಂಡರೆ ಸಣ್ಣ ಟ್ರೇಲರ್ ಅದನ್ನು ಹೊರಲಾರದು.

ಹಲಗೆಯ ಕೆಳಗೆ 4 ಅಡಿ ಅಗಲ, 7 ಅಡಿ ಉದ್ದ, ಒಂದು ಅಡಿಗಿಂತ ತುಸು ಹೆಚ್ಚು ಎತ್ತರದ ಜಾಗ ಉಳಿಯುತ್ತದೆ. ನೀರಿನ ಕ್ಯಾನು, ಬ್ಯಾಟರಿ, ಗುದ್ದಲಿ, ಪಾತ್ರೆ ಎಲ್ಲಕ್ಕೂ ಅದೇ ಉಗ್ರಾಣ. ಟ್ರೇಲರಿನ ಹಿಂಬಾಗಿಲನ್ನು ಸರಪಳಿಯಲ್ಲಿ ಇಳಿಬಿಟ್ಟರೆ ಅದೇ ಅಡುಗೆಯ ಹಲಗೆ.

ಹೆಗಲಿನ ಬಲ

ಹೆಗಲು ಗಾಳಿಯಲ್ಲಿ ಚಾಚಿಕೊಂಡಿರುವ ಭಾಗ. ಮಲಗಿದವರ ಭಾರವೂ ಗೋಡೆಯ ಭಾರವೂ ಅದರ ಮೇಲೆ ಬೀಳುತ್ತದೆ. ಟ್ರೇಲರಿನ ಚೌಕಟ್ಟಿನಿಂದ ಎರಡು ಅಡಿಗೊಂದರಂತೆ ಕಬ್ಬಿಣದ ಕಂಬ ಎಬ್ಬಿಸಿ, ಅವುಗಳ ಮೇಲೆ ಅಡ್ಡ ಪಟ್ಟಿಗಳನ್ನು ಈ ಬದಿಯ ಹೆಗಲಿನಿಂದ ಆ ಬದಿಯ ಹೆಗಲಿನವರೆಗೆ ಒಂದೇ ತುಂಡಾಗಿ ಹಾಯಿಸಬೇಕು. ಪಕ್ಕದಲ್ಲಿ ಆರಿಂಚಿನ ತುಂಡು ಬೆಸೆದು ಹೆಗಲು ಮಾಡಿದರೆ ಕುಲುಕಾಟಕ್ಕೆ ಬೆಸುಗೆ ಬಿಡುತ್ತದೆ. ಗಾಲಿ ಅಡ್ಡ ಬರುವ ಕಡೆ ಕಂಬವನ್ನು ಗಾಲಿಯ ಹಿಂದಕ್ಕೂ ಮುಂದಕ್ಕೂ ಸರಿಸಿಕೊಳ್ಳಬಹುದು.

ಗೂಡನ್ನು ಈ ಚೌಕಟ್ಟಿಗೆ ಬೋಲ್ಟುಗಳಿಂದ ಬಿಗಿಯಬೇಕೇ ಹೊರತು ಮೊಳೆಯಿಂದಲ್ಲ. ಮೊಳೆ ಕುಲುಕಾಟಕ್ಕೆ ಮೇಲೇಳುತ್ತದೆ. ಬೋಲ್ಟಿಗೆ ಅಗಲವಾದ ವಾಷರ್ ಮತ್ತು ಎರಡು ನಟ್ಟು ಹಾಕಬೇಕು. ಹೀಗೆ ಮಾಡಿದರೆ ಸುಗ್ಗಿ ಮುಗಿದ ಮೇಲೆ ನಾಲ್ವರು ಹಿಡಿದು ಗೂಡನ್ನು ಇಳಿಸಿ ಕಲ್ಲಿನ ಮೇಲೆ ಇರಿಸಿ, ಟ್ರೇಲರನ್ನು ಎಂದಿನ ಕೆಲಸಕ್ಕೆ ಬಳಸಬಹುದು.

ಪ್ಲೈವುಡ್ ಕತ್ತರಿಸುವ ಕ್ರಮ

ಹಾಳೆಯ ಅಗಲ 4 ಅಡಿ, ಗೂಡಿನ ಅಗಲ 5 ಅಡಿ. ಹಾಳೆಯನ್ನು ಉದ್ದುದ್ದಕ್ಕೆ ಹಾಸಿ ಪಕ್ಕಕ್ಕೆ ಒಂದು ಅಡಿಯ ಪಟ್ಟಿ ಸೇರಿಸುವುದು ಬಡಗಿಗಳಿಗೆ ಮೊದಲು ತೋಚುವ ದಾರಿ. ಆಗ ಕೂಡು ಏಳಡಿ ಉದ್ದಕ್ಕೂ ಮಲಗಿದವರ ಬೆನ್ನಿನ ಅಡಿಯಲ್ಲಿ ಬರುತ್ತದೆ, ಅದಕ್ಕೆ ಆಧಾರವೂ ಸಿಗುವುದಿಲ್ಲ. ಇದರ ಬದಲು ಹಾಳೆಯನ್ನು ಅಡ್ಡಡ್ಡ ಹಾಸಬೇಕು. 8 ಅಡಿಯ ಉದ್ದದಲ್ಲಿ 5 ಅಡಿಗೆ ಕತ್ತರಿಸಿದರೆ 5×4 ಅಡಿಯ ತುಂಡು ಸಿಗುತ್ತದೆ. ಎರಡನೆಯ ಹಾಳೆಯಿಂದ 5×3 ಅಡಿಯ ತುಂಡು ತೆಗೆದರೆ ಒಟ್ಟು 7 ಅಡಿ ಉದ್ದ ತುಂಬಿತು. ಇರುವುದು ಒಂದೇ ಕೂಡು. ಅದನ್ನು ಸರಿಯಾಗಿ ಒಂದು ಅಡ್ಡ ಪಟ್ಟಿಯ ಮೇಲೆ ಬರುವಂತೆ ಕೂರಿಸಬೇಕು. ಉಳಿದ ತುಂಡುಗಳು ಬಾಗಿಲಿಗೂ ಗೂಡಿನೊಳಗಿನ ಗೂಡುಪೆಟ್ಟಿಗೆಗೂ ಆಗುತ್ತವೆ.

ಮಾಡಿಗೂ ಹೀಗೆಯೇ ಅಡ್ಡ ಹಾಸುವುದರಿಂದ ಇನ್ನೊಂದು ಲಾಭವಿದೆ. ಹಾಳೆಯ ಮೇಲ್ಪದರದ ಎಳೆ ಸಾಮಾನ್ಯವಾಗಿ 8 ಅಡಿಯ ಉದ್ದಕ್ಕೆ ಇರುತ್ತದೆ. ಎಳೆ ಗೂಡಿನ ಅಗಲಕ್ಕೆ ಸಮನಾಗಿ ಬಂದಾಗ 4 ಮಿ.ಮೀ. ಹಾಳೆ ಕಮಾನಿನ ಮೇಲೆ ಸಲೀಸಾಗಿ ಬಾಗುತ್ತದೆ. ಎಳೆಯ ಉದ್ದಕ್ಕೆ ಬಾಗಿಸಹೊರಟರೆ ಸಿಡಿದು ಸೀಳುತ್ತದೆ.

ಹಲಗೆಗೆ 12 ಮಿ.ಮೀ., ಪಕ್ಕದ ಗೋಡೆಗೆ 6 ಮಿ.ಮೀ., ಮಾಡಿಗೆ 4 ಮಿ.ಮೀ. ನೀರು ತಡೆಯುವ ಪ್ಲೈವುಡ್ ಸಾಕು. ಚೌಕಟ್ಟು ಮತ್ತು ಕಮಾನುಗಳಿಗೆ ಒಂದೂವರೆ ಇಂಚು ಚದರದ ಸಿಲ್ವರ್ ಓಕ್ ರೀಪು ಬಳಸಬಹುದು. ಕತ್ತರಿಸಿದ ಅಂಚುಗಳಿಗೆಲ್ಲ ಜೋಡಿಸುವ ಮೊದಲೇ ಗೇರೆಣ್ಣೆ ಅಥವಾ ಬಣ್ಣ ಹಚ್ಚಬೇಕು. ನೀರು ಪ್ಲೈವುಡ್ಡಿನೊಳಗೆ ಇಳಿಯುವುದು ಅಂಚಿನಿಂದಲೇ.

ತೂಕದ ಲೆಕ್ಕ

ಎಷ್ಟು ತೂಕ ಬರುತ್ತದೆಂದು ಕಾಗದದ ಮೇಲೆ ಮೊದಲೇ ತಿಳಿದುಕೊಳ್ಳಬೇಕು. ಮೇಲಿನ ಅಳತೆಗೆ ಸುಮಾರು ಲೆಕ್ಕ ಹೀಗಿದೆ:

ಮಲಗುವ ಹಲಗೆ: 26 ಕಿ.ಗ್ರಾಂ
ಎರಡು ಪಕ್ಕದ ಗೋಡೆಗಳು: 14 ಕಿ.ಗ್ರಾಂ
ಮಾಡು: 13 ಕಿ.ಗ್ರಾಂ
ಮಾಡು ಮತ್ತು ಗೋಡೆಗೆ ಅರ್ಧ ಮಿ.ಮೀ. ಸತುವಿನ ಲೇಪದ ತಗಡು: 32 ಕಿ.ಗ್ರಾಂ
ಮರದ ರೀಪು, ಸುಮಾರು 100 ಅಡಿ: 27 ಕಿ.ಗ್ರಾಂ
ಬಾಗಿಲು, ತಿರುಗಣಿ, ಬೋಲ್ಟು: 15 ಕಿ.ಗ್ರಾಂ
ಗೂಡಿನ ಒಟ್ಟು ತೂಕ: 127 ಕಿ.ಗ್ರಾಂ

ಇದರೊಂದಿಗೆ 40 ಲೀಟರ್ ನೀರು, ಬ್ಯಾಟರಿ, ಹಾಸಿಗೆ, ಪಾತ್ರೆ, ಹತಾರಗಳು ಸೇರಿ ಇನ್ನು 125 ಕಿ.ಗ್ರಾಂ ಎಂದುಕೊಳ್ಳೋಣ. ಆಗ ಟ್ರೇಲರ್ ಮೇಲೆ ಬೀಳುವುದು ಕಾಲು ಟನ್ನು, ಅಂದರೆ ಐದು ಮೂಟೆ ಸಿಮೆಂಟಿನಷ್ಟು. ಹೆಗಲು ಹೊರುವ ಕಬ್ಬಿಣದ ಚೌಕಟ್ಟಿನ ತೂಕವನ್ನು ಅದನ್ನು ಮಾಡಿಸಿದ ಮೇಲೆ ತೂಗಿ ಇದಕ್ಕೆ ಸೇರಿಸಿಕೊಳ್ಳಬೇಕು. ದಪ್ಪ ಹಲಗೆ, ದಪ್ಪ ತಗಡು ಹಾಕಿದರೆ ಗಟ್ಟಿಯಾಗುತ್ತದೆಂದು ಬಡಗಿ ಹೇಳಬಹುದು. ಗೋಡೆ ಮತ್ತು ಮಾಡಿಗೆ ಆ ಗಟ್ಟಿತನ ಬೇಕಿಲ್ಲ. ಮೇಲಿನ ಪ್ರತಿ ಕಿಲೋ ಭಾರವೂ ಮಗುಚುವ ಕಡೆಗೇ ಕೆಲಸ ಮಾಡುತ್ತದೆ.

ಮುಂಭಾರ, ಹಿಂಭಾರ

ಎತ್ತಿನ ಗಾಡಿ ಹೊಡೆದವರಿಗೆ ಈ ಮಾತು ಹೊಸದಲ್ಲ. ಹೊರೆ ಮುಂದಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಾದರೆ ನೊಗ ಮೇಲೆದ್ದು ಎತ್ತಿನ ಗಂಟಲು ಬಿಗಿಯುತ್ತದೆ. ಎತ್ತಿನ ಗಾಡಿಗೆ ನೊಗದ ಮೇಲೆ ಅಲ್ಪ ಮುಂಭಾರ ಇದ್ದರೆ ಸಾಕು. ಜೀಪು, ಪಿಕಪ್ಪಿನಂಥ ವಾಹನ ಎಳೆಯುವ ಟ್ರೇಲರಿಗೆ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಮೂಕಿಯ ಮೇಲೆ ಬೀಳಬೇಕು. ಟ್ರೇಲರಿನ ಸ್ವಂತ ತೂಕ 250 ಕಿ.ಗ್ರಾಂ ಎಂದು ಹಿಡಿದು ಒಟ್ಟು 500 ಕಿ.ಗ್ರಾಂ ಆದರೆ ಮೂಕಿಯ ಮೇಲೆ 50ರಿಂದ 75 ಕಿ.ಗ್ರಾಂ ಬಂದಂತಾಯಿತು. ಹಿಂಭಾರವಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಹಾವಿನಂತೆ ಹೊರಳಾಡಿ ಎಳೆಯುವ ವಾಹನವನ್ನೇ ರಸ್ತೆಯಿಂದ ಆಚೆ ತಳ್ಳುತ್ತದೆ. ಪವರ್ ಟಿಲ್ಲರಿಗೆ ತಯಾರಕರು ಸೂಚಿಸಿದ ಮಿತಿಯೊಳಗೆ ಇರಬೇಕು.

ಇದನ್ನು ಅಳೆಯುವುದು ಸುಲಭ. ಸಾಮಾನೆಲ್ಲ ತುಂಬಿದ ಮೇಲೆ ಸಮನಾದ ನೆಲದಲ್ಲಿ ಗಾಲಿಗಳಿಗೆ ಕಲ್ಲು ಕೊಟ್ಟು, ಎಳೆಯುವಾಗ ಇರುವಷ್ಟೇ ಎತ್ತರದಲ್ಲಿ ಮೂಕಿಯ ತುದಿಯನ್ನು ಬೆಲ್ಲ ತೂಗುವ ತಕ್ಕಡಿಯ ಮೇಲೆ ಇರಿಸಿ ನೋಡಬೇಕು. ಹೆಚ್ಚು ಕಡಿಮೆ ಇದ್ದರೆ ನೀರಿನ ಕ್ಯಾನು ಮತ್ತು ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಸರಿಪಡಿಸಬಹುದು. ನೀರು ದಿನದಿನಕ್ಕೆ ಖರ್ಚಾಗುವ ವಸ್ತುವಾದುದರಿಂದ ಅದನ್ನು ಅಚ್ಚಿನ ನೇರಕ್ಕೆ ಇಡುವುದೇ ಲೇಸು. ಆಗ ಖಾಲಿಯಾದರೂ ತೂಕದ ಹದ ಕೆಡುವುದಿಲ್ಲ.

ಮಗುಚುವ ಅಪಾಯ

ಈ ಗೂಡು ಓಡಾಡುವುದು ನಾಲೆಯ ಏರಿ, ಗದ್ದೆಯ ಬದು, ತೋಟದ ಓಣಿಗಳಲ್ಲಿ. 24 ನವೆಂಬರ್ 2018ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತುದನ್ನು ಜಿಲ್ಲೆಯ ಜನ ಮರೆತಿಲ್ಲ. ಏರಿಯ ಮೇಲೆ ಗಾಡಿ ಹೊಡೆಯುವವರು ನೀರಿನ ಪಕ್ಕದಲ್ಲಿರುತ್ತಾರೆಂಬುದನ್ನು ಗೂಡು ಕಟ್ಟುವಾಗಲೇ ನೆನಪಿಡಬೇಕು.

ನಮ್ಮ ಉದಾಹರಣೆಯಲ್ಲಿ ಒಂದು ಟೈರಿನ ನಡುವಿನಿಂದ ಇನ್ನೊಂದರ ನಡುವಿಗೆ 59 ಇಂಚು. ಅಂದರೆ ಗಾಡಿಯ ನಡುಗೆರೆಯಿಂದ ಪ್ರತಿ ಬದಿಗೂ 29½ ಇಂಚಿನ ಆಸರೆ ಇದೆ. ನೀರು, ಬ್ಯಾಟರಿ, ಹತಾರಗಳನ್ನು ಕೆಳಗಿನ ಉಗ್ರಾಣದಲ್ಲಿಟ್ಟರೆ ಒಟ್ಟು ಭಾರದ ಕೇಂದ್ರ ನೆಲದಿಂದ ಸುಮಾರು 27 ಇಂಚು ಎತ್ತರದಲ್ಲಿ ಇರುತ್ತದೆ. ಅದೇ ಸಾಮಾನನ್ನು ಮಾಡಿನ ಮೇಲೆ ಕಟ್ಟಿದರೆ ಕೇಂದ್ರ 39 ಇಂಚಿಗೆ ಏರುತ್ತದೆ. ಈಗ ಒಂದು ಗಾಲಿ ಎರಡು ಅಡಿ ತಗ್ಗಿಗೆ ಇಳಿಯಿತೆನ್ನಿ. ಗಾಡಿ ಸುಮಾರು 24 ಡಿಗ್ರಿ ವಾಲುತ್ತದೆ. ಬದಿಯ ಆಸರೆ 27 ಇಂಚಿಗೆ ಇಳಿಯುತ್ತದೆ. ಸಾಮಾನು ಕೆಳಗಿದ್ದರೆ ಭಾರದ ಕೇಂದ್ರ 11 ಇಂಚು ಪಕ್ಕಕ್ಕೆ ಸರಿಯುತ್ತದೆ, ಮಗುಚಲು ಇನ್ನೂ 16 ಇಂಚು ಬಾಕಿ ಇರುತ್ತದೆ. ಸಾಮಾನು ಮೇಲಿದ್ದರೆ 16 ಇಂಚು ಸರಿದು 11 ಇಂಚು ಮಾತ್ರ ಉಳಿಯುತ್ತದೆ. ಇದು ನಿಂತ ಗಾಡಿಯ ಲೆಕ್ಕ. ಚಲಿಸುವಾಗಿನ ಕುಲುಕಾಟ, ತಿರುವಿನ ಎಳೆತ ಈ ಉಳಿದ ಇಂಚುಗಳನ್ನೂ ತಿನ್ನುತ್ತದೆ. ಆದುದರಿಂದ ಮಾಡಿನ ಮೇಲೆ ಹುಲ್ಲಿನ ಹೊರೆಯನ್ನಾಗಲಿ, ಸೌದೆಯನ್ನಾಗಲಿ, ನೀರಿನ ಡ್ರಮ್ಮನ್ನಾಗಲಿ ಕಟ್ಟಲೇಬಾರದು.

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಗಾಡಿ ಚಲಿಸುವಾಗ ಗೂಡಿನೊಳಗೆ ಯಾರೂ ಇರಕೂಡದು. ಮಕ್ಕಳನ್ನು ಮಲಗಿಸಿಕೊಂಡು ಹೋಗುವುದಂತೂ ಸಲ್ಲದು. ತೆರೆದ ಟ್ರೇಲರಿನಿಂದ ಹಾರಿಕೊಳ್ಳಲು ಅವಕಾಶವಾದರೂ ಇರುತ್ತದೆ. ಮುಚ್ಚಿದ ಗೂಡು ನೀರಿಗೆ ಬಿದ್ದರೆ ಬಾಗಿಲು ತೆರೆಯುವುದೇ ಕಷ್ಟ. ಸರಕಿನ ಟ್ರೇಲರಿನಲ್ಲಿ ಜನರನ್ನು ಸಾಗಿಸುವುದು ಕಾನೂನಿಗೂ ವಿರುದ್ಧ.

ಇಳಿಜಾರಿನಲ್ಲಿ ಪವರ್ ಟಿಲ್ಲರಿನ ತಿರುಗಿಸುವ ಕ್ಲಚ್ಚು ಸಮತಟ್ಟಿನಲ್ಲಿ ಕೆಲಸ ಮಾಡುವುದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆಂಬುದು ಅನುಭವಿಗಳಿಗೆ ಗೊತ್ತು. ಹಿಂದಿನಿಂದ ಟ್ರೇಲರ್ ತಳ್ಳುತ್ತಿರುವಾಗ ಈ ತೊಂದರೆ ಹೆಚ್ಚು. ಟ್ರೇಲರಿನ ಬ್ರೇಕು ಚೆನ್ನಾಗಿರದೆ ಏರಿ ಇಳಿಯಬಾರದು.

ಗಾಳಿ, ಬೆಂಕಿ, ಮಳೆ

ಇಬ್ಬರು ಮಲಗಿದರೆ ಒಂದು ರಾತ್ರಿಯಲ್ಲಿ ಉಸಿರು ಮತ್ತು ಬೆವರಿನಿಂದ ಅರ್ಧ ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಗಾಳಿ ಆಡದಿದ್ದರೆ ಅದು ತಗಡಿಗೆ ತಗುಲಿ ಹನಿಯಾಗಿ ಮೈಮೇಲೆ ಬೀಳುತ್ತದೆ. ಕಾಲಿನ ಕಡೆ ಕೆಳಗೊಂದು, ತಲೆಯ ಕಡೆ ಮೇಲೊಂದು ಕಿಂಡಿ ಇಡಬೇಕು. ಒಂದೊಂದೂ ಒಂದು ಅಡಿ ಉದ್ದ, ಅರ್ಧ ಅಡಿ ಎತ್ತರ ಇರಲಿ. ಎರಡಕ್ಕೂ ಸಣ್ಣ ಕಣ್ಣಿನ ಜಾಲರಿ ಬಡಿದರೆ ಸೊಳ್ಳೆ, ಚೇಳು, ಹಾವು ಯಾವುದೂ ನುಸುಳುವುದಿಲ್ಲ. ಈ ಕಿಂಡಿಗಳನ್ನು ಪೂರ್ತಿ ಮುಚ್ಚಲು ಬರದಂತೆ ಮಾಡಿಸಬೇಕು. ಬಾಗಿಲು ಎರಡೂ ಪಕ್ಕಕ್ಕೆ ಒಂದೊಂದು ಇರಲಿ. ಅಗಳಿ ಒಳಗಿನಿಂದಲೂ ತೆರೆಯುವಂತಿರಬೇಕು.

ಚಳಿಗೆಂದು ಅಗ್ಗಿಷ್ಟಿಕೆ, ಇದ್ದಿಲ ಕೆಂಡ, ಸೀಮೆಎಣ್ಣೆ ದೀಪ, ಸೊಳ್ಳೆ ಬತ್ತಿ ಇವುಗಳಲ್ಲಿ ಯಾವುದನ್ನೂ ಗೂಡಿನೊಳಗೆ ಇಡಬಾರದು. ಕೆಂಡದಿಂದ ಬರುವ ವಿಷಾನಿಲಕ್ಕೆ ವಾಸನೆ ಇಲ್ಲ. ನಿದ್ದೆಯಲ್ಲಿಯೇ ಪ್ರಾಣ ಹೋಗುತ್ತದೆ. ಅಡುಗೆ ಏನಿದ್ದರೂ ಹಿಂಬಾಗಿಲ ಹಲಗೆಯ ಮೇಲೆ, ಬಯಲಿನಲ್ಲಿ. ಬೆಳಕಿಗೆ 12 ವೋಲ್ಟಿನ ಎಲ್.ಇ.ಡಿ. ದೀಪವೇ ಸಾಕು. ಆಮ್ಲದ ಬ್ಯಾಟರಿ ಚಾರ್ಜಾಗುವಾಗ ಉರಿಯುವ ಅನಿಲ ಬರುವುದರಿಂದ ಅದನ್ನು ಕೆಳಗಿನ ಉಗ್ರಾಣದಲ್ಲಿ, ಹೊರಗಿನ ಗಾಳಿ ಆಡುವ ಕಡೆ ಇಡಬೇಕು. ತಂತಿಗೆ ಫ್ಯೂಸ್ ಹಾಕುವುದನ್ನು ಮರೆಯಬಾರದು.

ಮಂಡ್ಯ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 700 ಮಿ.ಮೀ. ಇದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ತಗಡಿನ ಕೂಡುಗಳಲ್ಲಿ ಮುಂದಿನ ಹಾಳೆ ಹಿಂದಿನದರ ಮೇಲೆ ಎರಡು ಇಂಚು ಏರಿರಬೇಕು. ನಡುವೆ ರಬ್ಬರ್ ಪಟ್ಟಿ ಅಥವಾ ಡಾಂಬರಿನ ಲೇಪ ಇರಲಿ. ಹೆಗಲಿನ ಕೆಳಭಾಗಕ್ಕೆ ಟೈರಿನ ಕೆಸರು ನೀರು ಚಿಮ್ಮುತ್ತಲೇ ಇರುತ್ತದೆ. ಅಲ್ಲಿಗೂ ತಗಡು ಬಡಿಯಬೇಕು. ಇಲ್ಲದಿದ್ದರೆ ಗೂಡು ಮೊದಲು ಕೊಳೆಯುವುದು ಅಲ್ಲಿಯೇ. ಬೇಸಿಗೆಯಲ್ಲಿ ತಗಡಿನ ಮೇಲೆ ಸುಣ್ಣ ಬಳಿದು ತೆಂಗಿನ ಸೋಗೆ ಹೊದಿಸಿದರೆ ಒಳಗಿನ ಕಾವು ಕಡಿಮೆಯಾಗುತ್ತದೆ. ಗಾಡಿ ಹೊರಡುವ ಮೊದಲು ಸೋಗೆಯನ್ನು ತೆಗೆದಿಡಬೇಕು.

ನಿಲ್ಲಿಸುವ ಕ್ರಮ

ಎಳೆಯುವ ವಾಹನ ಬಿಚ್ಚಿದ ಮೇಲೆ ಟ್ರೇಲರ್ ಎರಡೇ ಗಾಲಿಯ ಮೇಲೆ ನಿಂತಿರುತ್ತದೆ. ಒಬ್ಬರು ಹಿಂಬದಿಗೆ ಕುಳಿತರೆ ಮೂಕಿ ಮೇಲೇಳುತ್ತದೆ. ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ಮೂಕಿಗೊಂದು, ಹಿಂಬದಿಯ ಎರಡು ಮೂಲೆಗೂ ಒಂದೊಂದು ಊರುಗೋಲು ಕೊಟ್ಟ ಮೇಲೆಯೇ ಒಳಗೆ ಹತ್ತಬೇಕು. ಹಸಿ ನೆಲದಲ್ಲಿ ಊರುಗೋಲಿನ ಕೆಳಗೆ ಹಲಗೆ ಚೂರು ಇಡಬೇಕು.

ಏರಿಯ ಅಂಚು, ಒಂಟಿ ಮರದ ಅಡಿ, ವಿದ್ಯುತ್ ತಂತಿಯ ಕೆಳಗೆ ನಿಲ್ಲಿಸಬಾರದು. ಊರುಗೋಲನ್ನು ಹತ್ತಿ ಹಾವು ಬಾರದಂತೆ ಸುತ್ತಲ ಹುಲ್ಲು ಸವರಬೇಕು. ರಾತ್ರಿ ಇಳಿಯುವಾಗ ಮೊದಲು ಬ್ಯಾಟರಿ ಬೆಳಕು ಬಿಟ್ಟು, ಕೆರ ಕೊಡವಿ ಮೆಟ್ಟಿಕೊಳ್ಳುವ ಅಭ್ಯಾಸವಿರಲಿ. ಇಷ್ಟಾಗಿಯೂ ಹಾವು ಕಚ್ಚಿದ ಅನುಮಾನ ಬಂದರೆ ಕೊಯ್ಯುವುದು, ಬಿಗಿದು ಕಟ್ಟುವುದು, ನಾಟಿ ಮದ್ದಿಗೆ ಕಾಯುವುದು ಮಾಡದೆ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು. ಮುತ್ತತ್ತಿ ಕಾಡಿನಂಚಿನ ಹೊಲಗಳಲ್ಲಿ ಆನೆ ಬರುವ ದಾರಿ ಗೊತ್ತಿದ್ದರೆ ಅಲ್ಲಿ ಈ ಗೂಡನ್ನು ನಂಬಿ ಮಲಗಕೂಡದು. ಆರು ಮಿ.ಮೀ. ಹಲಗೆ ಚಿರತೆಗೆ ಅಡ್ಡವಾಗಬಹುದು, ಆನೆಗೆ ಆಗದು.

ರಸ್ತೆಗೆ ಇಳಿಯುವ ಮುನ್ನ

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ನೋಂದಣಿಯಾದ ವಾಹನದ ರೂಪವನ್ನು ಮಾಲೀಕರು ತಮ್ಮಿಷ್ಟದಂತೆ ಬದಲಾಯಿಸುವಂತಿಲ್ಲ. ಟ್ರೇಲರಿಗೂ ನೋಂದಣಿ ಇರುವುದರಿಂದ, ಸಾರ್ವಜನಿಕ ರಸ್ತೆಯಲ್ಲಿ ಒಯ್ಯುವ ಉದ್ದೇಶವಿದ್ದರೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಬರಹದಲ್ಲಿ ಒಪ್ಪಿಗೆ ಪಡೆದು ಕೆಲಸ ಆರಂಭಿಸಬೇಕು. ಹಿಂಬದಿಗೆ ಕೆಂಪು ಪ್ರತಿಫಲಕ, ಹೆಗಲಿನ ಎರಡೂ ಮೂಲೆಗೆ ಹೊಳೆಯುವ ಪಟ್ಟಿ ಕಡ್ಡಾಯವಾಗಿ ಇರಲಿ. ಕಬ್ಬಿನ ಕಾಲದಲ್ಲಿ ದೀಪವಿಲ್ಲದ ಗಾಡಿಗಳಿಗೆ ಹಿಂದಿನಿಂದ ವಾಹನಗಳು ಗುದ್ದುವುದನ್ನು ಎಲ್ಲರೂ ಬಲ್ಲರು.

ಯಾರಿಗೆ ಉಪಯುಕ್ತ?

ವರ್ಷದಲ್ಲಿ ನಾಲ್ಕಾರು ರಾತ್ರಿ ಮಾತ್ರ ಹೊಲದಲ್ಲಿ ಮಲಗುವವರಿಗೆ ಈ ಖರ್ಚು ಬೇಕಿಲ್ಲ. ಒಂದು ಮಂಚ, ಒಂದು ಸೊಳ್ಳೆ ಪರದೆ ಸಾಕು. ಅದೂ ನೆಲಕ್ಕಿಂತ ಎಷ್ಟೋ ಮೇಲು. ಆದರೆ ಒಂದೇ ತೂಬಿನ ಕೆಳಗಿನ ಐದಾರು ಮನೆಯವರು ಸೇರಿ ಒಂದು ಗೂಡು ಕಟ್ಟಿಸಿದರೆ ಸರದಿಯ ರಾತ್ರಿ ಯಾರ ಪಾಲಿಗೆ ಬರುತ್ತದೋ ಅವರು ಬಳಸಬಹುದು. ಕುರಿ ಮಂದೆಯವರು, ಆಲೆಮನೆ ನಡೆಸುವವರು, ಕಬ್ಬು ಕಡಿಯುವ ತಂಡಗಳನ್ನು ಕರೆಸುವವರು ಇದನ್ನು ಯೋಚಿಸಬಹುದು. ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ಮೊದಲ ಗೂಡು ಕಟ್ಟುವಾಗ ಬಡಗಿಯ ಪಕ್ಕದಲ್ಲಿ ನಿಂತು ನಾಲ್ಕು ಅಳತೆಗಳನ್ನು ತಾವೇ ನೋಡಬೇಕು: ಟೈರಿನ ಮೇಲೆ 4 ಇಂಚು ಜಾಗ, ಟೈರಿನ ಅಂಚು ಮೀರದ ಅಗಲ, ನೆಲದಿಂದ 6 ಅಡಿ ಮೀರದ ಎತ್ತರ, ತಕ್ಕಡಿಯಲ್ಲಿ ತೂಗಿದ ಮೂಕಿಯ ಭಾರ. ಈ ನಾಲ್ಕು ಸರಿಯಿದ್ದರೆ ಉಳಿದುದನ್ನು ಊರಿನ ಬಡಗಿ ನಮಗಿಂತ ಚೆನ್ನಾಗಿ ಬಲ್ಲ.